ವಿಮೆಯ ಪೈಪೋಟಿಗೆ ಮೊದಲು ಆಸ್ಪತ್ರೆ ಬೇಕು

ಪ್ರಶ್ನೆ: ಎಲ್ಲರಿಗೂ ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸಿ, ವಿಮಾ ಕಂಪನಿಗಳು ಸರ್ಕಾರದ ನಿಯಮಗಳೊಳಗೆ ಪೈಪೋಟಿ ನಡೆಸುವಂತೆ ಮಾಡಿದರೆ ಚಿಕಿತ್ಸೆಯ ವೆಚ್ಚ ಇಳಿಯುತ್ತದೆ ಎಂದು ಓದಿದೆ. ಇದನ್ನು ‘ಮ್ಯಾನೇಜ್ಡ್ ಕಾಂಪಿಟಿಷನ್’ ಎನ್ನುತ್ತಾರಂತೆ. ಹೃದಯದ ತೊಂದರೆ ಎಂದರೆ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಾದ ನಮಗೆ ಇದರಿಂದ ಪ್ರಯೋಜನವಾದೀತೇ?
— ಓದುಗರೊಬ್ಬರು, ಕುಮಟಾ

ಉತ್ತರ: ಈ ವಿಚಾರಕ್ಕೆ 1970ರ ದಶಕದ ಕೊನೆಯಲ್ಲಿ ರೂಪ ಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಅಲೆನ್ ಎಂಥೋವನ್. ಇದರ ಪ್ರಕಾರ ವಯಸ್ಸನ್ನೋ ಹಳೆಯ ಕಾಯಿಲೆಯನ್ನೋ ನೋಡಿ ವಿಮಾ ಸಂಸ್ಥೆ ಯಾರನ್ನೂ ನಿರಾಕರಿಸುವಂತಿಲ್ಲ. ಮೂಲ ಸೌಲಭ್ಯಗಳ ಪಟ್ಟಿ ಎಲ್ಲರಿಗೂ ಒಂದೇ. ವರ್ಷಕ್ಕೊಮ್ಮೆ ಸಂಸ್ಥೆಯನ್ನು ಬದಲಿಸುವ ಸ್ವಾತಂತ್ರ್ಯ ಜನರಿಗಿರುತ್ತದೆ. ಹೆಚ್ಚು ರೋಗಿಗಳಿರುವ ಸಂಸ್ಥೆಯ ಹೊರೆಯನ್ನು ಸಾಮಾನ್ಯ ನಿಧಿಯಿಂದ ತುಂಬಿಕೊಡಲಾಗುತ್ತದೆ. ನನ್ನ ಮಟ್ಟಿಗೆ ಈ ಕೊನೆಯದೇ ಇಡೀ ವ್ಯವಸ್ಥೆಯ ಜೀವಾಳ, ಏಕೆಂದರೆ ಅದಿಲ್ಲದಿದ್ದರೆ ಕಂಪನಿಗಳು ಒಳ್ಳೆಯ ಚಿಕಿತ್ಸೆ ಕೊಡಿಸುವುದರಲ್ಲಲ್ಲ, ಗಟ್ಟಿಮುಟ್ಟಾದ ಸದಸ್ಯರನ್ನು ಹೆಕ್ಕಿಕೊಳ್ಳುವುದರಲ್ಲಿ ಪೈಪೋಟಿಗಿಳಿಯುತ್ತವೆ. ಕ್ಲಿಂಟನ್ ಸರ್ಕಾರ 1993ರಲ್ಲಿ ಮಂಡಿಸಿದ ಸುಧಾರಣೆ ಈ ವಿಚಾರವನ್ನು ನೆಚ್ಚಿಕೊಂಡಿತ್ತಾದರೂ ಮರುವರ್ಷವೇ ಬಿದ್ದುಹೋಯಿತು. ನೆದರ್ಲೆಂಡ್ಸ್ 2006ರಲ್ಲಿ ಇದನ್ನು ಕಾನೂನಾಗಿಸಿತು. ಆದರೆ ಅದು ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದಾದ, ಜನ ಒತ್ತಾಗಿ ನೆಲೆಸಿರುವ, ಬಹುಪಾಲು ಸಮತಟ್ಟಾದ ದೇಶ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಅಮೆರಿಕದ ಆರೋಗ್ಯನೀತಿ ಸಂಶೋಧಕ ರಿಚರ್ಡ್ ಕ್ರೋನಿಕ್ ಮತ್ತು ಸಂಗಡಿಗರು 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕಾಚಾರ. ತಮ್ಮದೇ ಆಸ್ಪತ್ರೆ, ತಮ್ಮದೇ ತಜ್ಞರನ್ನು ಇಟ್ಟುಕೊಂಡ ಮೂರು ಪ್ರತಿಸ್ಪರ್ಧಿ ವಿಮಾ ಸಂಸ್ಥೆಗಳು ನಿಲ್ಲಬೇಕಾದರೆ ಒಂದು ಪ್ರದೇಶದಲ್ಲಿ ಸುಮಾರು 12 ಲಕ್ಷ ಜನರಿರಬೇಕು, 1.8 ಲಕ್ಷದಷ್ಟೇ ಜನರಿದ್ದರೆ ಹೃದ್ರೋಗದ ಒಳರೋಗಿ ಸೇವೆಯಂಥವನ್ನು ಮೂವರೂ ಹಂಚಿಕೊಂಡೇ ನಡೆಸಬೇಕಾಗುತ್ತದೆ. ಅದಕ್ಕೂ ವಿರಳವಾದ ಕಡೆಗಳಿಗೆ ಬೇರೆಯೇ ವ್ಯವಸ್ಥೆ ಬೇಕೆಂಬುದು ಅವರ ತೀರ್ಮಾನ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಅಂಕಿಯನ್ನಷ್ಟೇ ನೋಡಿದರೆ ನಾವು ಪಾಸು! ಆದರೆ ಆ ಜನ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಜಾಗದಲ್ಲಿ, ನಡುವೆ ಘಟ್ಟವನ್ನಿಟ್ಟುಕೊಂಡು ಹರಡಿದ್ದಾರೆ. ಜೋಯಿಡಾದವರೂ ಭಟ್ಕಳದವರೂ ಒಂದೇ ಆಸ್ಪತ್ರೆಯ ಗಿರಾಕಿಗಳಾಗಲಾರರು. ಜೊತೆಗೆ, ಎದೆನೋವು ಬಂದವರು ಆಂಬುಲೆನ್ಸಿನಲ್ಲಿ ಮಲಗಿ ಆಸ್ಪತ್ರೆಗಳನ್ನು ಹೋಲಿಸಿ ನೋಡುವುದೂ ಸಾಧ್ಯವಿಲ್ಲ.

ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಈ ಮಾದರಿಯದಲ್ಲ. 2018ರಲ್ಲಿ ಬಂದ ಆ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದ್ದು, ದರವನ್ನು ಸರ್ಕಾರವೇ ನಿಗದಿಪಡಿಸುತ್ತದೆ. ಯಾವ ವಿಮಾ ಕಂಪನಿ ಎಂದು ಆರಿಸುವ ಪ್ರಶ್ನೆ ಏಳುವುದಿಲ್ಲ. ಹಾಗಾಗಿ ಕರಾವಳಿಯವರು ಕೇಳಬೇಕಾದದ್ದು ಇನ್ನಷ್ಟು ವಿಮಾ ಕಂಪನಿಗಳನ್ನಲ್ಲ. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು, ನೀತಿತಜ್ಞರ ಭಾಷೆಯಲ್ಲಿ ಇರಲಿಲ್ಲವಾದರೂ, ಕ್ರೋನಿಕ್ ಅವರ ಲೆಕ್ಕಕ್ಕೆ ಬಹಳ ಹತ್ತಿರವಿತ್ತು: ಪೈಪೋಟಿ ನಡೆಸಲು ಎರಡನೆಯದು ಬರುವ ಮೊದಲು ಸರಿಯಾದ ಒಂದು ಆಸ್ಪತ್ರೆಯಾದರೂ ಇರಬೇಕು, ಮತ್ತು ಅದನ್ನು ಕಟ್ಟುವ ಹೊಣೆ ಸರ್ಕಾರದ್ದು.