ಬ್ರೈಟನ್‌ನಲ್ಲಿ ನಮ್ಮವರ ನೆನಪು

ಪ್ರಶ್ನೆ: ಮಗಳು ಲಂಡನ್‌ನಲ್ಲಿದಾಳೆ, ಬರೋ ತಿಂಗಳು ನಾವಿಬ್ರೂ ಹೋಗ್ತಿದೀವಿ. ಒಂದಿನ ಬ್ರೈಟನ್‌ಗೆ ಕರ್ಕೊಂಡು ಹೋಗ್ತೀನಿ ಅಂತಾಳೆ. ಫೋಟೋದಲ್ಲಿ ಅಲ್ಲಿನ ಅರಮನೆ ಥೇಟ್ ನಮ್ಮ ಕಡೆ ಗುಮ್ಮಟಗಳ ಹಾಗಿದೆ, ಇಂಗ್ಲೆಂಡಲ್ಲಿ ಅದ್ಯಾಕೆ ಬಂತು? ನೋಡೋಕೆ ಬೇರೇನಿದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಹೋಗಿಬನ್ನಿ ಅಮ್ಮ. ಲಂಡನ್ನಿಂದ ಟ್ರೇನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಅಷ್ಟೆ. ಬೀಚಲ್ಲಿ ಮರಳು ಅಂದ್ಕೋಬೇಡಿ, ಪೂರ್ತಿ ನುಣುಪಾದ ಉರುಟು ಕಲ್ಲು, ಕಾಲಿಟ್ಟಲ್ಲೆಲ್ಲ ಜಾರುತ್ತೆ, ಗಟ್ಟಿ ಶೂ ಹಾಕ್ಕೊಂಡು ಹೋಗಿ.

ಅದು ಮೊದಲು ಮೀನುಗಾರರ ಊರು. 1750ರ ಸುಮಾರಿಗೆ ರಿಚರ್ಡ್ ರಸೆಲ್ ಅನ್ನೋ ಡಾಕ್ಟ್ರು ಸಮುದ್ರದ ನೀರಲ್ಲಿ ಮುಳುಗಿದ್ರೆ, ಅದನ್ನ ಕುಡಿದ್ರೆ ಕಾಯಿಲೆ ವಾಸಿಯಾಗುತ್ತೆ ಅಂತ ಬರೆದ್ರು, ದುಡ್ಡಿದ್ದೋರೆಲ್ಲ ಬರೋಕೆ ಶುರು ಮಾಡಿದ್ರು. 1783ರಲ್ಲಿ ಯುವರಾಜ ಬಂದ, ಮುಂದೆ ನಾಲ್ಕನೇ ಜಾರ್ಜ್ ಆದೋನು. ನೀವು ಫೋಟೋದಲ್ಲಿ ನೋಡಿದ ರಾಯಲ್ ಪೆವಿಲಿಯನ್ ಅವನದ್ದೇ. ಪೂರ್ವದೇಶದ ಶೈಲಿ ಅಂದ್ರೆ ಅವನಿಗೆ ಬಹಳ ಮೋಹ, 1815ರಿಂದ ಜಾನ್ ನ್ಯಾಶ್ ಕೈಲಿ ಹೊರಗೆ ಹಿಂದೂಸ್ತಾನಿ ಗುಮ್ಮಟ ಮಾಡಿಸಿದ, ಒಳಗೆಲ್ಲ ಚೀನಾ ಅಲಂಕಾರ. ಊಟದ ಹಾಲಲ್ಲಿ ತಲೆ ಎತ್ತಿ ನೋಡಿ, ಒಂದು ಡ್ರ್ಯಾಗನ್ನು ದೊಡ್ಡ ದೀಪದ ಗೊಂಚಲನ್ನ ಕಾಲಲ್ಲಿ ಹಿಡ್ಕೊಂಡಿದೆ!

ಅದೇ ಕಾಲದಲ್ಲಿ ನಮ್ಮ ಪಟ್ನಾದ ಶೇಕ್ ದೀನ್ ಮಹಮದ್ ಅಲ್ಲಿ ಸ್ನಾನಗೃಹ ಇಟ್ಟು ಹಬೆ ಸ್ನಾನ, ಚಂಪಿ ಅಂದ್ರೆ ಮಾಲೀಶು ಮಾಡ್ತಿದ್ರು, ರಾಜರೇ ಗಿರಾಕಿ. ಇಂಗ್ಲಿಷಿನ ಶಾಂಪೂ ಅನ್ನೋ ಪದ ನಮ್ಮ ಚಂಪಿಯಿಂದಾನೇ ಬಂದಿದ್ದು.

ಸಮುದ್ರದೊಳಗೆ ಚಾಚಿಕೊಂಡಿರೋ ಕಟ್ಟೆ, 1899ರ ಪ್ಯಾಲೇಸ್ ಪಿಯರ್ ಮೇಲೆ ಸಂಜೆ ಓಡಾಡಿ, 1883ರಿಂದ ದಡದುದ್ದಕ್ಕೂ ಓಡೋ ವೋಕ್ಸ್ ಎಲೆಕ್ಟ್ರಿಕ್ ರೈಲೂ ಹತ್ತಿ.

ಆದ್ರೆ ನಾನು ನಿಮ್ಮನ್ನ ಕೇಳ್ಕೊಳೋದು ಒಂದೇ, ಛತ್ರಿ ಅನ್ನೋ ಸ್ಮಾರಕ ಮಂಟಪ ನೋಡದೆ ಬರಬೇಡಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಲ್ಲಿ ಗಾಯಗೊಂಡ ಭಾರತದ ಸೈನಿಕರಿಗೆ ಇದೇ ಅರಮನೆ ಆಸ್ಪತ್ರೆ ಆಗಿತ್ತು, ಹಿಂದೂಗಳಿಗೆ ಮುಸ್ಲಿಮರಿಗೆ ಬೇರೆ ಬೇರೆ ಅಡುಗೆಮನೆ, ನೀರಿನ ನಲ್ಲಿನೂ ಬೇರೆ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನ ಊರಾಚೆ ಪ್ಯಾಚಮ್ ಮೇಲಿನ ಗುಡ್ಡದಲ್ಲಿ ದಹನ ಮಾಡಿದ್ರು, ಅದೇ ಜಾಗದಲ್ಲಿ 1921ರಲ್ಲಿ ಬಿಳಿ ಅಮೃತಶಿಲೆಯ ಮಂಟಪ ನಿಲ್ಲಿಸಿದ್ರು. ಹತ್ತಿರದ ತನಕ ಕಾರು ಹೋಗಲ್ಲ, ಹುಲ್ಲುಗಾವಲಲ್ಲಿ ನಡ್ಕೊಂಡು ಹೋಗ್ಬೇಕು, ಮಂಡಿನೋವಿದ್ರೆ ನಿಧಾನವಾಗಿ ಹತ್ತಿ, ಕೈಲೊಂದು ಹೂವಿರ್ಲಿ.