ಚಾರ್ಟರ್ ಶಾಲೆಯ ಫಲಿತಾಂಶ: ಅಂಕಿಯ ಜೊತೆ ಮಕ್ಕಳನ್ನೂ ನೋಡಿ

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಮಗಳಿಗೆ ಈ ವರ್ಷ ಚಾರ್ಟರ್ ಶಾಲೆಯೊಂದರ ಆರನೆಯ ತರಗತಿಗೆ ಲಾಟರಿಯಲ್ಲಿ ಸೀಟು ಸಿಕ್ಕಿದೆ. ಆದರೆ ರಾಜ್ಯ ಸರ್ಕಾರ ಪ್ರಕಟಿಸಿರುವ ರಿಪೋರ್ಟ್ ಕಾರ್ಡಿನಲ್ಲಿ ಆ ಶಾಲೆಯ ಗಣಿತದ ಫಲಿತಾಂಶ ನಮ್ಮ ಬಡಾವಣೆಯ ಸಾಮಾನ್ಯ ಸರ್ಕಾರಿ ಶಾಲೆಗಿಂತ ಬಹಳ ಕೆಳಗಿದೆ. ಅಲ್ಲಿ ಬಡ ಕುಟುಂಬಗಳ ಮಕ್ಕಳೇ ಹೆಚ್ಚು. ಸೇರಿಸುವುದೇ, ಬಿಡುವುದೇ?

ಉತ್ತರ: ನೀವು ನೋಡಿರುವ ಒಂದೇ ಒಂದು ಅಂಕಿಯಿಂದ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಚಾರ್ಟರ್ ಶಾಲೆಗಳೂ ತೆರಿಗೆಯ ಹಣದಲ್ಲೇ ನಡೆಯುವ, ಶುಲ್ಕವಿಲ್ಲದ ಸಾರ್ವಜನಿಕ ಶಾಲೆಗಳು. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕಾಗಿ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಆಡಳಿತ ಸ್ವತಂತ್ರವಾಗಿದ್ದರೂ ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದಲ್ಲಿ ರಾಜ್ಯದ ಪರೀಕ್ಷೆಯನ್ನು ಈ ಮಕ್ಕಳೂ ಬರೆಯಬೇಕು. ಆ ಫಲಿತಾಂಶವನ್ನು ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಕೆಯ ಹಂತ ಇವುಗಳ ಪ್ರಕಾರ ಬಿಡಿಬಿಡಿಯಾಗಿ ತೋರಿಸಬೇಕೆಂದು 2015ರ ಕೇಂದ್ರ ಕಾಯ್ದೆ ವಿಧಿಸುತ್ತದೆ. ನಿಮಗೆ ಬೇಕಾದ ಉತ್ತರ ಈ ಬಿಡಿ ಸಾಲುಗಳಲ್ಲಿದೆ.

ಲೆಕ್ಕಕ್ಕೆಂದು ಎರಡು ಶಾಲೆಗಳನ್ನು ಊಹಿಸಿಕೊಳ್ಳಿ, ಎರಡರಲ್ಲೂ ನೂರು ನೂರು ಮಕ್ಕಳು. ಮೊದಲನೆಯದರಲ್ಲಿ 80 ಮಂದಿ ಅನುಕೂಲಸ್ಥರ ಮಕ್ಕಳು, ಅವರಲ್ಲಿ 56 ಮಂದಿ ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದ್ದಾರೆ. ಉಳಿದ 20 ಬಡ ಮಕ್ಕಳಲ್ಲಿ ಆರು ಮಂದಿ ಮುಟ್ಟಿದ್ದಾರೆ. ಒಟ್ಟು 62. ಎರಡನೆಯದರಲ್ಲಿ ಅನುಕೂಲಸ್ಥರ ಮಕ್ಕಳು 20, ಅವರಲ್ಲಿ 15 ಮಂದಿ ಮಟ್ಟ ಮುಟ್ಟಿದ್ದಾರೆ. ಬಡ ಮಕ್ಕಳು 80, ಅವರಲ್ಲಿ 32 ಮಂದಿ. ಒಟ್ಟು 47. ಮೇಲ್ನೋಟಕ್ಕೆ ಎರಡನೆಯ ಶಾಲೆ ಹದಿನೈದು ಅಂಕ ಹಿಂದೆ ಬಿದ್ದಿದೆ. ಆದರೆ ಅನುಕೂಲಸ್ಥರ ಮಕ್ಕಳಲ್ಲಿ ಅದು ಶೇ. 75, ಮೊದಲನೆಯದು ಶೇ. 70, ಬಡ ಮಕ್ಕಳಲ್ಲಿ ಅದು ಶೇ. 40, ಮೊದಲನೆಯದು ಶೇ. 30. ಯಾವ ಮಗುವನ್ನು ಕಳುಹಿಸಿದರೂ ಎರಡನೆಯ ಶಾಲೆಯಲ್ಲೇ ಮಟ್ಟ ಮುಟ್ಟುವವರು ಹೆಚ್ಚು. ಇಂಥ ಶಾಲೆಯನ್ನು ಒಟ್ಟು ಅಂಕಿಯೊಂದನ್ನೇ ನೋಡಿ ತಳ್ಳಿಹಾಕುವುದು ಅಲ್ಲಿ ದುಡಿಯುವ ಶಿಕ್ಷಕರಿಗೆ ಮಾಡುವ ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ನಿಮ್ಮ ಶಾಲೆ ಹೀಗೆಯೇ ಇದೆಯೆಂದು ನಾನು ಹೇಳುತ್ತಿಲ್ಲ, ಪರಿಶೀಲಿಸಿ ಎನ್ನುತ್ತಿದ್ದೇನೆ. ಬಡತನದ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಕುಟುಂಬದ ಆದಾಯ ಕೇಂದ್ರದ ಬಡತನ ರೇಖೆಯ ಶೇ. 130ರೊಳಗಿದ್ದರೆ ಉಚಿತ ಊಟ, ಶೇ. 185ರೊಳಗಿದ್ದರೆ ರಿಯಾಯಿತಿ ದರದ ಊಟ; ಶಾಲೆಯಲ್ಲಿ ಈ ಊಟ ಪಡೆಯುವವರನ್ನು ಬಡ ಮಕ್ಕಳೆಂದು ಎಣಿಸುವುದು ಹಳೆಯ ಅಳತೆ. ಈಗ ಅನೇಕ ಶಾಲೆಗಳು ಅರ್ಜಿಯನ್ನೇ ಪಡೆಯದೆ ಎಲ್ಲರಿಗೂ ಉಚಿತವಾಗಿ ಉಣಬಡಿಸುವುದರಿಂದ, ಶೇ. 100 ಎಂದು ಕಂಡರೆ ಎಲ್ಲರೂ ಬಡವರೆಂದು ಅರ್ಥವಲ್ಲ.

ಜೊತೆಗೆ ‘ಗ್ರೋತ್’ ಎಂಬ ಕಾಲಂ ಇದೆಯೇ ನೋಡಿ. ಮಗು ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿಗೆ ಬಂತು ಎಂಬುದನ್ನು ಅದು ಹೇಳುತ್ತದೆ. ಶಾಲೆಯ ದುಡಿಮೆ ಹೆಚ್ಚು ನಿಚ್ಚಳವಾಗಿ ಕಾಣುವುದು ಅಲ್ಲೇ. ಇದರಲ್ಲೂ ಒಂದು ತೊಡಕಿದೆ. ಅರ್ಜಿ ಹಾಕಿ ಲಾಟರಿಗೆ ಕಾಯುವ ತಂದೆತಾಯಿ ಮಕ್ಕಳ ಓದಿನ ಬಗ್ಗೆ ಮೊದಲೇ ಹೆಚ್ಚು ಕಾಳಜಿ ಉಳ್ಳವರಾಗಿರಬಹುದು. ಆದ್ದರಿಂದಲೇ ಬಾಸ್ಟನ್ನಿನಲ್ಲಿ ಸಂಶೋಧಕರು ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದರು. ಗೆದ್ದವರು ಗಣಿತದಲ್ಲಿ ಗಣನೀಯವಾಗಿ ಮುಂದೆ ಹೋಗಿದ್ದರು. ದೇಶದ ಮಟ್ಟದಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಸಂಸ್ಥೆಯ 2023ರ ವರದಿಯಂತೆ ಚಾರ್ಟರ್ ಶಾಲೆಯ ಮಕ್ಕಳು ಸರಾಸರಿಯಲ್ಲಿ ಓದಿನಲ್ಲಿ ವರ್ಷಕ್ಕೆ 16 ದಿನಗಳಷ್ಟು, ಗಣಿತದಲ್ಲಿ ಆರು ದಿನಗಳಷ್ಟು ಹೆಚ್ಚು ಕಲಿತಿದ್ದರು. ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಮಾತ್ರ ಬಹಳ ಹಿಂದುಳಿದಿದ್ದರು.

ಇನ್ನೊಂದು ಕೆಲಸ ಮಾಡಿ. ಎರಡು ವರ್ಷದ ಹಿಂದೆ ಆರನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈಗ ಎಂಟನೆಯದರಲ್ಲಿ ಎಷ್ಟಿದ್ದಾರೆ ಎಂದು ಎಣಿಸಿ. ಸಂಖ್ಯೆ ತೀರಾ ಇಳಿದಿದ್ದರೆ ಯಾರು ಬಿಟ್ಟುಹೋದರು, ಖಾಲಿಯಾದ ಸೀಟುಗಳನ್ನು ಏಕೆ ತುಂಬಲಿಲ್ಲ ಎಂದು ಮುಖ್ಯಸ್ಥರನ್ನು ನೇರವಾಗಿ ಕೇಳಿ. ಕಷ್ಟಪಡುತ್ತಿದ್ದ ಮಕ್ಕಳೇ ಹೊರಟುಹೋದರೆ ಉಳಿದವರ ಸರಾಸರಿ ತಾನಾಗಿಯೇ ಏರುತ್ತದೆ.

ಪ್ರಶ್ನೆ: ರಿಪೋರ್ಟ್ ಕಾರ್ಡಿನಲ್ಲಿ ‘ಏಷ್ಯನ್’ ಸಾಲಿನ ಮುಂದೆ ಅಂಕಿಯ ಬದಲು ನಕ್ಷತ್ರದ ಗುರುತಿದೆ. ಏನನ್ನಾದರೂ ಮುಚ್ಚಿಡುತ್ತಿದ್ದಾರೆಯೇ?

ಉತ್ತರ: ಇಲ್ಲ. ಗುಂಪಿನಲ್ಲಿ ಕೆಲವೇ ಮಕ್ಕಳಿದ್ದಾಗ ಅಂಕಿ ಕೊಟ್ಟರೆ ಯಾರ ಫಲಿತಾಂಶ ಏನೆಂದು ಗೊತ್ತಾಗಿಬಿಡುತ್ತದೆ. ಹಾಗಾಗದಿರಲಿ ಎಂದು ಮರೆಮಾಡುತ್ತಾರೆ; ಎಷ್ಟು ಮಕ್ಕಳಿಗಿಂತ ಕಡಿಮೆಯಿದ್ದರೆ ಮರೆಮಾಡಬೇಕೆಂಬುದನ್ನು ರಾಜ್ಯಗಳು ನಿಗದಿ ಮಾಡುತ್ತವೆ.

ಪ್ರಶ್ನೆ: ಮಗನನ್ನು ಸೇರಿಸುವಾಗ ‘ಮಗು ಮೊದಲು ಕಲಿತ ಭಾಷೆ’ ಎಂಬಲ್ಲಿ ಕನ್ನಡ ಎಂದು ಬರೆದೆವು. ಈಗ ಅವನಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರಂತೆ. ಇಂಗ್ಲಿಷ್ ಎಂದೇ ಬರೆಯಬೇಕಿತ್ತು ಎನ್ನುತ್ತಾರೆ ಸ್ನೇಹಿತರು.

ಉತ್ತರ: ನೀವು ನಿಜವನ್ನೇ ಬರೆದಿದ್ದೀರಿ, ಅದೇ ಸರಿ. ಇಂಗ್ಲಿಷ್ ಬಾರದ ಮಗುವನ್ನು ತರಗತಿಯಲ್ಲಿ ಸುಮ್ಮನೆ ಕೂರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಲಾವ್ ಮತ್ತು ನಿಕೋಲ್ಸ್ ಪ್ರಕರಣದಲ್ಲಿ ಹೇಳಿತು. ಇಂಥ ಮಕ್ಕಳನ್ನು ಗುರುತಿಸಿ ನೆರವಾಗುವ ಹೊಣೆ ಶಾಲೆಗಳ ಮೇಲಿದೆ. ಮಗನಿಗೆ ಸಾಕಷ್ಟು ಇಂಗ್ಲಿಷ್ ಬಂದರೆ ಆ ಪರೀಕ್ಷೆಯಲ್ಲೇ ತಿಳಿಯುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಬಾರದಿದ್ದರೆ ‘ಇಂಗ್ಲಿಷ್ ಕಲಿಯುವವರು’ ಎಂಬ ಗುಂಪಿಗೆ ಸೇರಿಸಿ ಪಾಠದ ನೆರವು ಕೊಡುತ್ತಾರೆ. ವಿಶೇಷ ಪಾಠ ಬೇಡವೆನ್ನುವ ಹಕ್ಕು ನಿಮಗಿದೆ. ಆದರೆ ಇಂಗ್ಲಿಷ್ ನಿಗದಿತ ಮಟ್ಟಕ್ಕೆ ಬರುವವರೆಗೆ ವಾರ್ಷಿಕ ಭಾಷಾ ಪರೀಕ್ಷೆ ತಪ್ಪದು. ಆ ಗುಂಪಿನ ಫಲಿತಾಂಶ ಕೆಳಗಿರುವುದನ್ನು ಕಂಡು ಹೆದರಬೇಡಿ. ಚೆನ್ನಾಗಿ ಕಲಿತವರು ಗುಂಪಿನಿಂದ ಹೊರಬರುತ್ತಾರೆ, ಅವರ ಜಾಗಕ್ಕೆ ಆಗತಾನೇ ಕಲಿಯತೊಡಗಿದವರು ಬರುತ್ತಾರೆ. ಶಾಲೆಯವರನ್ನು ಭೇಟಿಯಾದಾಗ, ಈ ಗುಂಪಿಗೆ ಸೇರಿದ ಮಕ್ಕಳು ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ವರ್ಷಗಳಲ್ಲಿ ಹೊರಬರುತ್ತಾರೆ ಎಂದು ಕೇಳಿ.