ಯೂನಿಟ್ ಸೊನ್ನೆ, ಬಿಲ್ 725 ರೂಪಾಯಿ: ಚಾವಣಿ ಸೋಲಾರ್ ಪ್ರಶ್ನೋತ್ತರ

ಪ್ರಶ್ನೆ: ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. 2025–26ರ ಒಂದು ಬಿಲ್ಲಿನಲ್ಲಿ ಲೈನಿನಿಂದ ಪಡೆದ ಯೂನಿಟ್ಟೂ ಲೈನಿಗೆ ಕೊಟ್ಟ ಯೂನಿಟ್ಟೂ ಸಮ. ಆದರೂ 725 ರೂಪಾಯಿ ಕಟ್ಟಿಸಿಕೊಂಡರು. ಯಾಕೆ? ಇದನ್ನು ಕಡಿಮೆ ಮಾಡಬಹುದೇ?
— ಓದುಗರು, ತುಮಕೂರು

ಉತ್ತರ: ಅದು ನಿಗದಿತ ಶುಲ್ಕ. ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ (ಮನೆ ಒಮ್ಮೆಗೇ ಎಳೆಯಲು ಕಂಪನಿ ಒಪ್ಪಿರುವ ಮಿತಿ) ನೋಡಿ, 5 ಕಿಲೋವ್ಯಾಟ್ ಎಂದಿರುತ್ತದೆ. ವಿದ್ಯುತ್ ದರ ನಿಗದಿ ಮಾಡುವ ರಾಜ್ಯ ಆಯೋಗ ಕೆಇಆರ್‌ಸಿಯ 2025–26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಅದಕ್ಕೂ ಹಿಂದೆ 120 ಇತ್ತು. 5 × 145 = 725. ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದಾಗಲೇ ಇದು ಏರಿತು. ಸೋಲಾರ್ ಇಲ್ಲದ ಮನೆಗೆ ಯೂನಿಟ್ ದರದ ಇಳಿಕೆಯಾದರೂ ಸಿಗುತ್ತದೆ. ಕೊಳ್ಳುವ ಯೂನಿಟ್ಟೇ ಇಲ್ಲದ ನಿಮಗೆ ಏರಿಕೆಯಷ್ಟೇ ಉಳಿಯಿತು.

ಈ ಶುಲ್ಕ ಬೇಕೆನ್ನುವ ಎಸ್ಕಾಂಗಳ (ವಿದ್ಯುತ್ ಸರಬರಾಜು ಕಂಪನಿಗಳ) ವಾದವೂ ಪೂರ್ತಿ ತಪ್ಪಲ್ಲ. ರಾತ್ರಿ ಏಳಕ್ಕೆ ನಿಮ್ಮ ಮನೆಗೂ ಅದೇ ತಂತಿ, ಅದೇ ಟ್ರಾನ್ಸ್‌ಫಾರ್ಮರ್ ಬೇಕು. ಆದ್ದರಿಂದ ನೆಟ್ ಮೀಟರಿಂಗ್‌ನಲ್ಲಿ, ಅಂದರೆ ಪಡೆದದ್ದರಲ್ಲಿ ಕೊಟ್ಟದ್ದನ್ನು ಕಳೆದು ಬಿಲ್ ಮಾಡುವ ಪದ್ಧತಿಯಲ್ಲಿ, ವಜಾ ಆಗುವುದು ಯೂನಿಟ್ಟಿನ ಲೆಕ್ಕ ಮಾತ್ರ. ಲೋಡಿನ ಮೇಲಿನ ಶುಲ್ಕ ಹಾಗೇ ಇರುತ್ತದೆ.

ಕಡಿಮೆ ಮಾಡಲು ನೇರ ದಾರಿ ಲೋಡ್ ಇಳಿಸುವುದು. ಆದರೆ ಅರ್ಜಿ ಹಾಕುವ ಮೊದಲು ಒಂದು ವರ್ಷದ ಬಿಲ್ಲುಗಳಲ್ಲಿ ರೆಕಾರ್ಡೆಡ್ ಎಂ.ಡಿ. ಎಂಬ ಅಂಕಿಯನ್ನು ಸಾಲಾಗಿ ಬರೆದುಕೊಳ್ಳಿ. ಆ ತಿಂಗಳಲ್ಲಿ ಮನೆ ಒಮ್ಮೆಗೇ ಎಳೆದ ಅತಿ ಹೆಚ್ಚಿನ ಲೋಡ್ ಅದು. ಅದು ಯಾವ ತಿಂಗಳೂ 2.6 ದಾಟಿಲ್ಲವೆಂದರೆ 3 ಕಿಲೋವ್ಯಾಟ್ ಸಾಕು: ಅದೇ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿತಾಯ. ಹಾಗಲ್ಲದೆ ಬೆಳಗ್ಗೆ ಆರಕ್ಕೆ 2 ಕಿಲೋವ್ಯಾಟ್ ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಓಡುವ ಮನೆಯಾದರೆ ಎಂ.ಡಿ. 4ರ ಹತ್ತಿರ ಹೋಗುತ್ತದೆ. ಆ ಹೊತ್ತಿಗೆ ಪ್ಯಾನೆಲ್ ಏನೂ ಕೊಡುವುದಿಲ್ಲ. ಲೋಡ್ ಇಳಿಸಿ ಎಂ.ಡಿ. ಮೀರಿದರೆ ದಂಡ ಬೀಳುತ್ತದೆ. ಉಳಿಸಿದ್ದು ಅಲ್ಲಿಗೇ ಹೋಗುತ್ತದೆ. ಗೀಸರ್ ಆರಿಸಿ ಒಲೆ ಹಚ್ಚುವ ಅಭ್ಯಾಸ ಮನೆಯವರೆಲ್ಲರಿಗೂ ಬರುತ್ತದೆಯೇ ಎಂದು ಮೊದಲು ಕೇಳಿ ನೋಡಿ.

ಅರ್ಜಿ ಕೊಡಬೇಕಾದ್ದು ಉಪವಿಭಾಗ ಕಚೇರಿಯಲ್ಲಿ. ಆರ್‌ಆರ್ ನಂಬರ್, ಬಾಕಿಯಿಲ್ಲದ ಇತ್ತೀಚಿನ ಬಿಲ್, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ವರದಿ ಇಟ್ಟುಕೊಂಡು ಹೋಗಿ. ಸೋಲಾರ್ ಸಾಮರ್ಥ್ಯಕ್ಕಿಂತ ಕೆಳಗೆ, ಅಂದರೆ ನಿಮ್ಮ ವಿಷಯದಲ್ಲಿ 3ಕ್ಕಿಂತ ಕೆಳಗೆ, ಲೋಡ್ ಇಳಿಸಲು ಹೋಗಬೇಡಿ.

ಹೊಸದಾಗಿ ಹಾಕಿಸುವವರಿಗೆ ಇಲ್ಲೇ ಒಂದು ಎಚ್ಚರಿಕೆ. 2024ರ ಕೇಂದ್ರ ನಿಯಮದಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ. ಅಗತ್ಯವಿದ್ದಷ್ಟು ಲೋಡನ್ನು ಕಂಪನಿಯೇ ಏರಿಸಿಕೊಳ್ಳುತ್ತದೆ. ಓಡಾಟ ತಪ್ಪಿತು, ನಿಜ. ಆದರೆ 2 ಕಿಲೋವ್ಯಾಟ್ ಲೋಡಿನ ಮನೆಗೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಇದೇ ದರದಲ್ಲಿ ನಿಗದಿತ ಶುಲ್ಕ 290ರಿಂದ 725ಕ್ಕೆ ಹೋಗಬಹುದು. ಮಾರುವವರು ಕೊಡುವ ಉಳಿತಾಯದ ಪಟ್ಟಿಯಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಇನ್ನೆರಡು ಪ್ಯಾನೆಲ್ ಹಾಕಿಸಿ, ಹೆಚ್ಚುವರಿ ವಿದ್ಯುತ್ ಮಾರಿ ನಿಗದಿತ ಶುಲ್ಕ ಸರಿದೂಗಿಸಬಹುದಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಲಾಭವಿಲ್ಲ. 2025–26ರ ದರದಲ್ಲಿ ನೀವು ಕೊಳ್ಳುವ ಯೂನಿಟ್‌ಗೆ 5.80, ಮೇಲೆ 36 ಪೈಸೆ ವಿದ್ಯುತ್ ನೌಕರರ ಪಿಂಚಣಿ ಸರ್‌ಚಾರ್ಜ್, ಶೇ 9 ತೆರಿಗೆ ಸೇರಿ ಆರೂವರೆ ರೂಪಾಯಿ ದಾಟುತ್ತದೆ. ಬಳಕೆಯನ್ನು ವಜಾ ಮಾಡುವ ಪ್ರತಿ ಯೂನಿಟ್‌ನ ಬೆಲೆ ಅದು. ತಿಂಗಳ ಕೊನೆಗೆ ಮಿಕ್ಕ ಯೂನಿಟ್‌ಗೆ ಸಿಗುವುದು ನಿಮ್ಮ ಒಪ್ಪಂದಪತ್ರದಲ್ಲಿ ಬರೆದಿರುವ, ಇದಕ್ಕಿಂತ ಬಹಳ ಕಡಿಮೆ ದರ. ಅದು 3 ರೂಪಾಯಿ ಎಂದುಕೊಂಡರೂ 725 ರೂಪಾಯಿ ಹುಟ್ಟಲು ತಿಂಗಳಿಗೆ ಸುಮಾರು 242 ಯೂನಿಟ್ ಮಿಗಬೇಕು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಇನ್ನೂ 2 ಕಿಲೋವ್ಯಾಟ್ ಬೇಕು. ಪಿಎಂ ಸೂರ್ಯಘರ್ ಸಹಾಯಧನ 3 ಕಿಲೋವ್ಯಾಟ್‌ಗೆ 78,000 ರೂಪಾಯಿಗೆ ನಿಂತುಹೋಗುವುದರಿಂದ ಆ ಹೆಚ್ಚುವರಿಯ ಪೂರ್ತಿ ಖರ್ಚು ನಿಮ್ಮದೇ. ಜೊತೆಗೆ ಲೋಡ್ ಏರಿದರೆ ಶುಲ್ಕವೂ ಏರುತ್ತದೆ!

ಪ್ರಶ್ನೆ: ಇನ್ವರ್ಟರ್ ಆ್ಯಪ್ 340 ಯೂನಿಟ್ ಉತ್ಪಾದನೆ ತೋರಿಸುತ್ತದೆ. ಬಿಲ್ಲಿನಲ್ಲಿ ರಫ್ತು (ಲೈನಿಗೆ ಕೊಟ್ಟದ್ದು) ಬರೀ 210. ಉಳಿದ 130 ಎಲ್ಲಿ ಹೋಯಿತು?
— ಓದುಗರು, ಹಾಸನ

ಉತ್ತರ: ನಿಮ್ಮ ಮನೆಯೊಳಗೇ. ಹಗಲಲ್ಲಿ ಫ್ರಿಜ್, ಪಂಪು, ಫ್ಯಾನು ನೇರವಾಗಿ ಪ್ಯಾನೆಲ್‌ನಿಂದ ತೆಗೆದುಕೊಂಡದ್ದು ನೆಟ್ ಮೀಟರಿನ ತನಕ ಹೋಗುವುದೇ ಇಲ್ಲ. ತಿಂಗಳಿಗೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ಮೀಟರಿನ ಪರದೆಯಲ್ಲಿ 1.8.0 ಎಂಬ ಕೋಡ್ ಬಂದಾಗ ಕಾಣುವ ಅಂಕಿ (ಪಡೆದದ್ದು) ಮತ್ತು 2.8.0 ಬಂದಾಗ ಕಾಣುವ ಅಂಕಿ (ಕೊಟ್ಟದ್ದು) ಫೋಟೊ ತೆಗೆದಿಡಿ. ಬಿಲ್ಲಿಗೂ ಇದಕ್ಕೂ ತಾಳೆಯಾಗದಿದ್ದರೆ ಮಾತ್ರ ದೂರು ಕೊಡಿ.

ಪ್ರಶ್ನೆ: ಪ್ಯಾನೆಲ್ ಕೂರಿಸಿದ್ದಾರೆ, ನೆಟ್ ಮೀಟರ್ ಇನ್ನೂ ಬಂದಿಲ್ಲ. ಸುಮ್ಮನೆ ಬಿಸಿಲು ವ್ಯರ್ಥವಾಗುತ್ತದೆಂದು ಇನ್ವರ್ಟರ್ ಆನ್ ಮಾಡಿದೆವು. ಬಿಲ್ ಇಳಿಯುವ ಬದಲು ಏರಿತು!
— ಓದುಗರು, ಶಿವಮೊಗ್ಗ

ಉತ್ತರ: ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಬಹಳಷ್ಟು, ವಿದ್ಯುತ್ ಯಾವ ಕಡೆ ಹರಿದರೂ ಬಳಕೆ ಎಂದೇ ಬರೆದುಕೊಳ್ಳುತ್ತವೆ. ನೀವು ಲೈನಿಗೆ ಕೊಟ್ಟದ್ದಕ್ಕೆ ನೀವೇ ದುಡ್ಡು ಕಟ್ಟಿದ್ದೀರಿ. ಅನುಮತಿ ಸಿಗುವ ಮೊದಲು ಲೈನಿಗೆ ವಿದ್ಯುತ್ ಬಿಡುವುದು ನಿಯಮಕ್ಕೂ ವಿರುದ್ಧ. ಸೋಲಾರ್ ಎ.ಸಿ. ಬಾಕ್ಸಿನ ಎಂಸಿಬಿ ಸ್ವಿಚ್ಚನ್ನು ಈಗಲೇ ಇಳಿಸಿ. ಕಂಪನಿಯವರು ಎರಡು ದಿಕ್ಕಿನ ಮೀಟರ್ ಕೂರಿಸಿ, ಚಾಲನೆ ಕೊಟ್ಟ ಮೇಲೆಯೇ ಎತ್ತಿ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್. ಸೋಲಾರ್ ಹಾಕಿಸಲೇ?
— ಓದುಗರು, ಧಾರವಾಡ

ಉತ್ತರ: ಬಿಲ್ ಉಳಿಸಲಿಕ್ಕೆ ಅಂತಾದರೆ ಬೇಡ. ಸೊನ್ನೆ ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಮಾಫಿಯಾಗಿರುತ್ತದೆ, ಉಳಿಸಲು ಏನೂ ಇಲ್ಲ. ಎ.ಸಿ. ಅಥವಾ ಎಲೆಕ್ಟ್ರಿಕ್ ಗಾಡಿ ಬಂದು ಬಳಕೆ 200 ಯೂನಿಟ್ ದಾಟುವ ಲಕ್ಷಣವಿದ್ದರೆ ಆಗ ಯೋಚಿಸಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಸೋಲಾರ್ ಇದ್ದರೂ ತಿಂಗಳಿಗೆ 24 ಡಾಲರ್ ಹೊಸ ಶುಲ್ಕ ಬರುತ್ತಿದೆ. ಅದೂ ಲೋಡಿನ ಮೇಲೆಯೇ?
— ಓದುಗರು, ಅರ್ವೈನ್

ಉತ್ತರ: ಅಲ್ಲ. ಅಲ್ಲಿಯದು ಆದಾಯದ ಮೇಲೆ ನಿಂತಿದೆ: ಸಾಮಾನ್ಯವಾಗಿ 24.15 ಡಾಲರ್, ಕಡಿಮೆ ಆದಾಯದ ಕೇರ್ ಯೋಜನೆಯಲ್ಲಿ ಸುಮಾರು 6, ಅದಕ್ಕಿಂತ ತುಸು ಹೆಚ್ಚು ಆದಾಯದವರ ಫೆರಾ ಯೋಜನೆಯಲ್ಲಿ ಸುಮಾರು 12. 2022ರ ಕಾನೂನಿನಂತೆ 2024ರ ಮೇ ತಿಂಗಳಲ್ಲಿ ಅಲ್ಲಿನ ಆಯೋಗ ಒಪ್ಪಿದ್ದು. ಬದಲಿಗೆ ಯೂನಿಟ್ ದರ 5–7 ಸೆಂಟ್‌ನಷ್ಟು ಇಳಿಯುತ್ತದೆ. ಮನೆಯ ಲೋಡ್ ಇಳಿಸಿ ತಪ್ಪಿಸಿಕೊಳ್ಳುವ ದಾರಿ ನಿಮಗಿಲ್ಲ. ಆದರೆ 2023ರ ಏಪ್ರಿಲ್ 15ರಂದು ಅಥವಾ ನಂತರ ಅರ್ಜಿ ಹಾಕಿದವರಾದರೆ ವಾಷಿಂಗ್ ಮಷಿನ್, ಕಾರಿನ ಚಾರ್ಜಿಂಗ್ ಬಿಸಿಲಿರುವಾಗಲೇ ಮುಗಿಸಿ. ಅಂಥವರಿಗೆ ರಫ್ತಿಗೆ ಸಿಗುವ ಬೆಲೆ ಅಲ್ಲಿ ಬಹಳ ಕಡಿಮೆ. ಕರ್ನಾಟಕದ ನೆಟ್ ಮೀಟರಿನಲ್ಲಿ ತಿಂಗಳ ಒಟ್ಟು ಲೆಕ್ಕವೇ ಮುಖ್ಯ. ಬಟ್ಟೆ ರಾತ್ರಿ ಒಗೆದರೂ ಬಿಲ್ ಅಷ್ಟೇ.